‘ಸಣ್ಣ ಬಾಗಿಲಿನ ನೋವು’: ಮಿಲನದ ವೇಳೆ ಆಗುವ ನೋವನ್ನು ಚೀನೀ ವೈದ್ಯ ಹೇಗೆ ನೋಡುತ್ತೆ?

(ಈ ವಾರದ ಆರೋಗ್ಯ ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ವಿಷಯ ಸ್ವಲ್ಪ ಖಾಸಗಿ. ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ರೆ ಇಯರ್‌ಫೋನ್ ಹಾಕ್ಕೊಳ್ಳಿ. ಮುಜುಗರ ಪಡುವಂಥದ್ದು ಏನೂ ಇಲ್ಲ. ಆದರೆ ನಿಮ್ಮ ಪಾಡಿಗೆ ನೀವು ಆರಾಮಾಗಿ ಕೇಳಬೇಕಾದ ಮಾತಿದು.

ಲೈಂಗಿಕ ಸಂಪರ್ಕದ ಸಮಯದಲ್ಲಿ ಆಗುವ ನೋವಿನ ಬಗ್ಗೆ ಮಾತಾಡೋಣ. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘಟನೆ ಹೇಳುವ ಪ್ರಕಾರ, ನಾಲ್ವರು ಮಹಿಳೆಯರಲ್ಲಿ ಸುಮಾರು ಮೂವರಿಗೆ ಜೀವನದಲ್ಲಿ ಒಂದಲ್ಲ ಒಂದು ಸಲ ಈ ನೋವು ಕಾಡುತ್ತೆ. ಕೆಲವರಿಗೆ ಒಂದೆರಡು ದಿನ ಇದ್ದು ಹೋಗುತ್ತೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತೆ. ಇಷ್ಟು ಸಾಮಾನ್ಯವಾದ ನೋವನ್ನು ಅಮ್ಮನ ಹತ್ತಿರ ಹೇಳೋಕಾಗಲ್ಲ, ಗೆಳತಿಯ ಹತ್ತಿರ ಹೇಳೋಕೆ ನಾಚಿಕೆ, ಗಂಡನಿಗೆ ಹೇಳಿದ್ರೆ ಏನಂದ್ಕೋತಾನೋ ಅನ್ನೋ ಭಯ. ಕೊನೆಗೆ ರಾತ್ರಿ ಹನ್ನೊಂದು ಗಂಟೆಗೆ ಫೋನ್ ತೆಗೆದು ಹುಡುಕ್ತೀವಿ. ಹಾಗೆ ಹುಡುಕುವಾಗ ಒಂದು ಕಡೆ ‘ಹಾರ್ಮೋನ್’ ಅಂತ ಬರುತ್ತೆ. ಇನ್ನೊಂದು ಕಡೆ ‘ನಿಮ್ಮ ಲಿವರ್‌ನಲ್ಲಿ ಛಿ ಕಟ್ಟಿಕೊಂಡಿದೆ, ಈ ಗುಳಿಗೆ ತಗೊಳ್ಳಿ’ ಅಂತ ಚೀನೀ ವೈದ್ಯದ ಮಾತೂ ಬರುತ್ತೆ.

ಏನಿದು ಲಿವರ್‌ಗೂ ಈ ನೋವಿಗೂ ಸಂಬಂಧ? ಆ ಪದ್ಧತಿ ಇದನ್ನು ಹೇಗೆ ಅರ್ಥ ಮಾಡಿಕೊಂಡಿದೆ, ಅದರಲ್ಲಿ ಉಪಯೋಗಕ್ಕೆ ಬರೋದು ಯಾವುದು, ಅಪಾಯ ಎಲ್ಲಿದೆ? ಇವತ್ತು ಇದನ್ನೇ ಬಿಡಿಸಿ ನೋಡೋಣ.

ಹದಿಮೂರು ಶತಮಾನ ಹಿಂದಿನ ಒಂದು ಹೆಸರು

ಚೀನಾದಲ್ಲಿ ಥಾಂಗ್ ರಾಜವಂಶದ ಕಾಲದಲ್ಲಿ ಸುನ್ ಸಿಮಿಯಾವೊ ಅಂತ ಒಬ್ಬ ಪ್ರಸಿದ್ಧ ವೈದ್ಯ ಇದ್ದರು. ಸುಮಾರು 652ರಲ್ಲಿ ಅವರು ಒಂದು ದೊಡ್ಡ ಚಿಕಿತ್ಸಾ ಗ್ರಂಥ ಬರೆದರು. ಮನುಷ್ಯನ ಜೀವ ಸಾವಿರ ಚಿನ್ನಕ್ಕಿಂತ ಹೆಚ್ಚು ಬೆಲೆಯದ್ದು ಅನ್ನುವ ನಂಬಿಕೆಯಿಂದ ಆ ಗ್ರಂಥದ ಹೆಸರಿನಲ್ಲೇ ‘ಸಾವಿರ ಚಿನ್ನ’ ಅನ್ನೋ ಪದ ಇದೆ. ಅದರಲ್ಲಿ ಮಹಿಳೆಯರ ಕಾಯಿಲೆಗಳನ್ನು ಕೊನೆಗೆಲ್ಲೋ ತುರುಕಿಲ್ಲ, ಗ್ರಂಥದ ಶುರುವಿನಲ್ಲೇ ಇಟ್ಟಿದ್ದಾರೆ. ಹೆಂಗಸರ ಕಾಯಿಲೆ ಗಂಡಸರದ್ದಕ್ಕಿಂತ ಹತ್ತು ಪಟ್ಟು ಕಷ್ಟ, ಅದಕ್ಕೆ ಬೇರೆಯದೇ ಚಿಕಿತ್ಸೆ ಬೇಕು ಅನ್ನೋದು ಅವರ ವಾದ.

ಆ ಭಾಗದಲ್ಲಿ ಒಂದು ತೊಂದರೆಯ ಹೆಸರು ಬರುತ್ತೆ: ‘ಶಿಯಾವೊ ಹು ಜಿಯಾ ಥೋಂಗ್’. ಪದಕ್ಕೆ ಪದ ಇಟ್ಟು ನೋಡಿದ್ರೆ ‘ಸಣ್ಣ ಬಾಗಿಲು, ಮದುವೆಯ ನೋವು’. ಅಂದ್ರೆ ಮದುವೆಯಾದ ಹೊಸದರಲ್ಲಿ ಮಿಲನದಿಂದ ಆಗುವ ನೋವು. ಜ್ಯೇಷ್ಠಮಧು, ಪಿಯೋನಿ ಹೂವಿನ ಗಿಡದ ಬೇರು, ಶುಂಠಿ, ದಾಲ್ಚಿನ್ನಿ, ಇವನ್ನು ಮದ್ಯದಲ್ಲಿ ಕುದಿಸಿ ಕೊಡುವ ಒಂದು ಕಷಾಯವನ್ನೂ ಹೇಳಿದ್ದಾರೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಅಷ್ಟು ಹಿಂದೆಯೇ ಈ ನೋವಿಗೆ ಒಂದು ಹೆಸರಿತ್ತು, ಅದನ್ನು ಕಾಯಿಲೆ ಅಂತ ಒಪ್ಪಿಕೊಂಡಿದ್ದರು. ಇನ್ನೊಂದು, ಆ ಹೆಸರು ತಪ್ಪನ್ನು ಹೆಣ್ಣಿನ ಮೈಮೇಲೇ ಹಾಕುತ್ತೆ. ಬಾಗಿಲು ಸಣ್ಣದು ಅಂತೆ! ಒಳಗೆ ಬರುವವನು ತಾಳ್ಮೆಯಿಂದ ಬಂದನಾ ಅನ್ನೋ ಪ್ರಶ್ನೆ ಆ ಹೆಸರಲ್ಲಿ ಇಲ್ಲ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ‘ಶುರುವಲ್ಲಿ ಹಾಗೇ, ಆಮೇಲೆ ಸರಿ ಹೋಗುತ್ತೆ’ ಅಂತ ಹೇಳಿ ಮುಗಿಸಿಬಿಡ್ತಾರಲ್ಲ, ಅದೇ ಮನಸ್ಥಿತಿ.

ಇನ್ನೊಂದು ಹೆಸರು ನೆನಪಿಟ್ಟುಕೊಳ್ಳಿ, ಥಾನ್ ಯುನ್‌ಶಿಯೆನ್. ಮಿಂಗ್ ರಾಜವಂಶದ ಕಾಲದ ವೈದ್ಯೆ, 1461ರಲ್ಲಿ ಹುಟ್ಟಿದವರು. ಅಜ್ಜಿಯಿಂದ ವೈದ್ಯ ಕಲಿತರು. ಸುಮಾರು ಐವತ್ತನೇ ವಯಸ್ಸಿನಲ್ಲಿ ತಾವು ನೋಡಿದ 31 ರೋಗಿಗಳ ವಿವರ ಬರೆದಿಟ್ಟರು. ಅಷ್ಟೂ ಜನ ಮಹಿಳೆಯರೇ. ಆ ಕಾಲದ ಮೇಲ್ವರ್ಗದ ಮನೆಗಳಲ್ಲಿ ಗಂಡಸು ವೈದ್ಯ ಹೆಣ್ಣುಮಕ್ಕಳ ಮುಖ ನೋಡೋದೂ ಕಷ್ಟ ಇತ್ತು. ಇಂಥ ನೋವನ್ನು ಬಾಯಿಬಿಟ್ಟು ಹೇಳೋಕೆ ಎದುರಿಗೆ ಒಬ್ಬ ಹೆಂಗಸು ಇರೋದು ಎಷ್ಟು ದೊಡ್ಡ ವಿಷಯ ಅಂತ ಯೋಚನೆ ಮಾಡಿ.

ಹರಿಯದಿದ್ದರೆ ನೋವು, ಸಾಲದಿದ್ದರೂ ನೋವು

ಈಗ ಮುಖ್ಯ ವಿಷಯಕ್ಕೆ ಬರೋಣ. ಚೀನೀ ವೈದ್ಯದಲ್ಲಿ ನೋವು ಯಾಕೆ ಬರುತ್ತೆ ಅನ್ನೋದಕ್ಕೆ ಎರಡು ಮೂಲ ಉತ್ತರ ಇವೆ.

ಮೊದಲನೆಯದು: ಹರಿಯಬೇಕಾದ್ದು ಹರಿಯದೆ ನಿಂತರೆ ನೋವು. ದೇಹದಲ್ಲಿ ‘ಛಿ’ ಅನ್ನೋ ಚೈತನ್ಯ ಮತ್ತು ರಕ್ತ, ಎರಡೂ ನಿರ್ದಿಷ್ಟ ದಾರಿಗಳಲ್ಲಿ ಓಡಾಡ್ತಾ ಇರುತ್ತವೆ ಅನ್ನೋದು ಅವರ ಕಲ್ಪನೆ. ಎಲ್ಲಿ ತಡೆ ಬಿತ್ತೋ ಅಲ್ಲಿ ನೋವು. ಕಾಲುವೆಯಲ್ಲಿ ಕಸ ಕಟ್ಟಿಕೊಂಡ ಹಾಗೆ.

ಎರಡನೆಯದು: ಪೋಷಣೆ ಸಾಲದಿದ್ದರೂ ನೋವು. ಕಾಲುವೆ ಸರಿಯಾಗೇ ಇದೆ, ಆದರೆ ಕೆರೆಯಲ್ಲೇ ನೀರಿಲ್ಲ. ಗದ್ದೆ ಒಣಗಿ ಬಿರುಕು ಬಿಡುತ್ತೆ. ಆ ಜಾಗಕ್ಕೆ ರಕ್ತ, ತೇವ ಸಾಲದೆ ನೋವು ಬರುತ್ತೆ.

ಹಾಗಾಗಿ ಚೀನೀ ವೈದ್ಯರು ಮೊದಲು ಕೇಳಿಕೊಳ್ಳೋ ಪ್ರಶ್ನೆ: ಇದು ಕಟ್ಟಿಕೊಂಡ ನೋವಾ, ಖಾಲಿಯಾದ ನೋವಾ? ಅದನ್ನು ಕಂಡುಹಿಡಿಯೋಕೆ ನಾಲ್ಕು ದಾರಿ ಬಳಸ್ತಾರೆ. ನೋಡೋದು, ಅದರಲ್ಲೂ ಮುಖ್ಯವಾಗಿ ನಾಲಿಗೆ. ಧ್ವನಿ ಕೇಳೋದು, ವಾಸನೆ ಗಮನಿಸೋದು. ಪ್ರಶ್ನೆ ಕೇಳೋದು. ಕೊನೆಗೆ ಎರಡೂ ಮಣಿಕಟ್ಟಿನಲ್ಲಿ ಮೂರು ಮೂರು ಜಾಗದಲ್ಲಿ ನಾಡಿ ಹಿಡಿಯೋದು.

ಪ್ರಶ್ನೆಗಳು ತುಂಬಾ ವಿವರವಾಗಿರುತ್ತವೆ. ನೋವು ಶುರುವಿನಲ್ಲೇ ಇರುತ್ತಾ, ಒಳಗೆ ಆಳದಲ್ಲಾ, ಮುಗಿದ ಮೇಲಾ? ಚುಚ್ಚುತ್ತಾ, ಉರಿಯುತ್ತಾ, ಎಳೆಯುತ್ತಾ? ಬಿಸಿ ನೀರಿನ ಚೀಲ ಇಟ್ಟರೆ ಹಿತ ಅನ್ನಿಸುತ್ತಾ? ಹೊಟ್ಟೆ ಒತ್ತಿದರೆ ಆರಾಮಾ, ಮುಟ್ಟೋಕೂ ಆಗಲ್ವಾ? ಮುಟ್ಟಿನ ರಕ್ತದ ಬಣ್ಣ ಏನು, ಗೆಡ್ಡೆ ಬರುತ್ತಾ? ಬಿಳಿ ಸೆರಗು ಹೇಗಿದೆ? ನಿದ್ದೆ, ಸಿಟ್ಟು, ಚಿಂತೆ ಹೇಗಿದೆ?

ಲಿವರ್ ಯಾಕೆ ಬಂತು?

ಇಲ್ಲಿ ಒಂದು ಸ್ಪಷ್ಟನೆ ಬೇಕೇ ಬೇಕು. ಚೀನೀ ವೈದ್ಯದವರು ‘ಲಿವರ್’ ಅಂದಾಗ, ರಕ್ತ ಪರೀಕ್ಷೆಯಲ್ಲಿ ಬರೋ ನಿಮ್ಮ ಲಿವರ್ ಬಗ್ಗೆ ಮಾತಾಡ್ತಾ ಇಲ್ಲ. ಅವರ ಭಾಷೆಯಲ್ಲಿ ಅದು ‘ಗಾನ್’. ಛಿ ಸರಾಗವಾಗಿ ಹರಿಯೋ ಹಾಗೆ ನೋಡಿಕೊಳ್ಳೋದು, ರಕ್ತ ಕೂಡಿಡೋದು ಅದರ ಕೆಲಸ. ಸಿಟ್ಟು, ನುಂಗಿಕೊಂಡ ಬೇಸರ ಅದನ್ನು ಕೆಡಿಸುತ್ತವೆ ಅಂತ ನಂಬಿಕೆ. ಈ ಗಾನ್‌ನ ದಾರಿ ಕಾಲಿನ ಹೆಬ್ಬೆರಳಿನಿಂದ ಹೊರಟು, ಕಾಲಿನ ಒಳಭಾಗದಲ್ಲಿ ಮೇಲೇರಿ, ಜನನಾಂಗವನ್ನು ಸುತ್ತಿ, ಕಿಬ್ಬೊಟ್ಟೆ ದಾಟಿ ಪಕ್ಕೆಲುಬಿನ ಕಡೆ ಹೋಗುತ್ತೆ ಅಂತ ಹಳೆಯ ಗ್ರಂಥಗಳು ಹೇಳುತ್ತವೆ. ಅದಕ್ಕೇ ಈ ನೋವಿನ ಮಾತು ಬಂದಾಗಲೆಲ್ಲ ಲಿವರ್ ಹೆಸರು ಬರೋದು.

ಹಾಗೇ ‘ಕಿಡ್ನಿ’ ಅಂದ್ರೆ ‘ಷೆನ್’: ಹುಟ್ಟಿನಿಂದ ಬಂದ ಶಕ್ತಿಯ ಭಂಡಾರ, ಸಂತಾನ ಶಕ್ತಿಯ ಮೂಲ. ವಯಸ್ಸಾದ ಹಾಗೆ ಅದು ಕರಗುತ್ತೆ ಅನ್ನೋದು ಅವರ ಲೆಕ್ಕ. ಹಾಗಾಗಿ ‘ನಿಮ್ಮ ಕಿಡ್ನಿ ವೀಕ್ ಆಗಿದೆ’ ಅಂತ ಯಾರಾದ್ರೂ ಹೇಳಿದ್ರೆ ಗಾಬರಿಯಾಗಿ ಡಯಾಲಿಸಿಸ್ ಬಗ್ಗೆ ಯೋಚಿಸಬೇಡಿ. ಅದು ಬೇರೆ ಭಾಷೆ.

ಐದು ಬಗೆಯ ನೋವು

ಚೀನೀ ವೈದ್ಯ ಈ ನೋವನ್ನು ಒಂದೇ ಕಾಯಿಲೆ ಅಂತ ನೋಡಲ್ಲ. ಲಕ್ಷಣಗಳ ಗುಂಪು ನೋಡಿ ವಿಂಗಡಿಸುತ್ತೆ. ಮುಖ್ಯವಾದವು ಐದು.

ಒಂದು, ಛಿ ಕಟ್ಟಿಕೊಳ್ಳೋದು. ಟೆನ್ಷನ್ ಜಾಸ್ತಿ ಇದ್ದಾಗ ನೋವು ಹೆಚ್ಚು. ಮುಟ್ಟಿಗೆ ಮುಂಚೆ ಎದೆ ಬಿಗಿತ, ಸಿಡುಕು, ಸುಮ್ಮಸುಮ್ಮನೆ ನಿಟ್ಟುಸಿರು. ಇದಕ್ಕೆ ಹೆಸರಾದ ಔಷಧ ‘ಶಿಯಾವೊ ಯಾವೊ ಸಾನ್’, ಸೋಂಗ್ ರಾಜವಂಶದ ಕಾಲದಿಂದ ಬಂದ ಪುಡಿ. ಅಕ್ಯುಪಂಕ್ಚರ್ ಮಾಡುವವರು ಪಾದದ ಮೇಲೆ, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಮೂಳೆಗಳ ನಡುವಿನ ‘ಥಾಯ್‌ಛೋಂಗ್’ ಅನ್ನೋ ಬಿಂದುವಿನಲ್ಲಿ ಸೂಜಿ ಹಾಕ್ತಾರೆ.

ಎರಡು, ರಕ್ತ ಹೆಪ್ಪುಗಟ್ಟೋದು. ಒಳಗೆ ಆಳದಲ್ಲಿ, ಒಂದೇ ಜಾಗದಲ್ಲಿ ಚುಚ್ಚಿದಂಥ ನೋವು. ಮುಟ್ಟಿನಲ್ಲಿ ಕಪ್ಪು ಗೆಡ್ಡೆ, ನಾಲಿಗೆಯಲ್ಲಿ ನೇರಳೆ ಛಾಯೆ. ಇದಕ್ಕೆ ಕೊಡೋ ‘ಗುಯ್ ಝಿ ಫು ಲಿಂಗ್ ವಾನ್’ ಸುಮಾರು 1800 ವರ್ಷ ಹಳೆಯದು. ಕಿಬ್ಬೊಟ್ಟೆಯ ಹೆಪ್ಪು ಕರಗಿಸುವ ಇನ್ನೊಂದು ಕಷಾಯವನ್ನು ವಾಂಗ್ ಛಿಂಗ್‌ರೆನ್ ಅನ್ನೋ ವೈದ್ಯ 1830ರಲ್ಲಿ ಪ್ರಕಟಿಸಿದರು.

ಮೂರು, ತೇವ ಮತ್ತು ಉಷ್ಣ ಸೇರಿಕೊಳ್ಳೋದು. ಉರಿ, ತುರಿಕೆ, ಹಳದಿ ಬಣ್ಣದ ವಾಸನೆಯ ಸ್ರಾವ. ಇದಕ್ಕೆ ‘ಲೋಂಗ್ ದಾನ್ ಶಿಯೆ ಗಾನ್’ ಅನ್ನೋ ಕಹಿ ಔಷಧ. ಈ ಹೆಸರನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತೆ.

ನಾಲ್ಕು, ಷೆನ್‌ನ ‘ಯಿನ್’, ಅಂದ್ರೆ ತಂಪು ಮತ್ತು ತೇವದ ಅಂಶ, ಕಡಿಮೆಯಾಗೋದು. ಯೋನಿ ಒಣಗುತ್ತೆ, ಮೈ ಬಿಸಿ ಏರುತ್ತೆ, ರಾತ್ರಿ ಬೆವರು. ಮುಟ್ಟು ನಿಲ್ಲುವ ವಯಸ್ಸಿನವರಲ್ಲಿ ಇದನ್ನು ಹೆಚ್ಚು ಹೇಳ್ತಾರೆ. ‘ಝಿ ಬೊ ದಿ ಹುವಾಂಗ್ ವಾನ್’ ಗುಳಿಗೆ ಇದಕ್ಕೆ ರೂಢಿಯಲ್ಲಿದೆ.

ಐದು, ಗರ್ಭಕೋಶಕ್ಕೆ ಶೀತ ಹಿಡಿಯೋದು. ಕಿಬ್ಬೊಟ್ಟೆ ತಣ್ಣಗೆ, ಬಿಸಿ ತಾಗಿಸಿದರೆ ನೋವು ಇಳಿಯುತ್ತೆ. ಮಾಚಿಪತ್ರೆಯ ಜಾತಿಯ ಗಿಡದ ಒಣ ಎಲೆಯನ್ನು ಸುರುಳಿ ಮಾಡಿ, ಹೊತ್ತಿಸಿ, ಹೊಕ್ಕುಳ ಕೆಳಗಿನ ಬಿಂದುಗಳ ಹತ್ತಿರ ಹಿಡಿದು ಶಾಖ ಕೊಡ್ತಾರೆ. ಅದಕ್ಕೆ ಮಾಕ್ಸಾ ಅಂತ ಹೆಸರು.

ಇದನ್ನೆಲ್ಲ ಕೇಳುವಾಗ ನಿಮಗೆ ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತಾ ಇರಬಹುದು. ನಿಜ. ನಮ್ಮ ಮನೆಗಳಲ್ಲೂ ‘ಮೈಗೆ ಉಷ್ಣ ಆಗಿದೆ, ಎಳನೀರು ಕುಡಿ’, ‘ಬಾಣಂತಿ, ಶೀತ ಆಗುತ್ತೆ, ತಣ್ಣೀರು ಮುಟ್ಟಬೇಡ’ ಅಂತಾರೆ. ಆಯುರ್ವೇದದಲ್ಲೂ ಯೋನಿ ಸಂಬಂಧದ 20 ತೊಂದರೆಗಳನ್ನು ದೋಷಗಳ ಪ್ರಕಾರ ವಿಂಗಡಿಸಿದ್ದಾರೆ, ನೋವಿಗೆ ವಾತವನ್ನೇ ಹೊಣೆ ಮಾಡ್ತಾರೆ. ಹೋಲಿಕೆ ಇದೆ, ಆದರೆ ಎರಡೂ ಒಂದೇ ಅಲ್ಲ. ಛಿ ಅಂದ್ರೆ ವಾತ ಅಂತ ತಿಳ್ಕೊಂಡು ಒಂದರ ಔಷಧ ಇನ್ನೊಂದಕ್ಕೆ ಬಳಸೋ ಹಾಗಿಲ್ಲ.

ಇವತ್ತಿನ ಡಾಕ್ಟರ್ ಏನು ಹೇಳ್ತಾರೆ?

ಆಧುನಿಕ ವೈದ್ಯದಲ್ಲೂ ಮೊದಲ ಪ್ರಶ್ನೆ ‘ಎಲ್ಲಿ ನೋವು’ ಅಂತಲೇ. ಯೋನಿಯ ಬಾಯಲ್ಲೇ ನೋವಾದರೆ ಕಾರಣಗಳು ಒಂದು ರೀತಿ: ಸಾಕಷ್ಟು ಉದ್ರೇಕ ಇಲ್ಲದೆ ಅವಸರ ಮಾಡಿರೋದು, ಹಾಲೂಡಿಸುವಾಗ ಅಥವಾ ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕಡಿಮೆಯಾಗಿ ಒಣಗೋದು, ಯೀಸ್ಟ್ ಸೋಂಕು, ಹೆರಿಗೆಯ ಹೊಲಿಗೆಯ ಗಾಯ, ಚರ್ಮದ ತೊಂದರೆ. ಒಳಗೆ ಆಳದಲ್ಲಿ ನೋವಾದರೆ ಎಂಡೊಮೆಟ್ರಿಯೋಸಿಸ್, ಅಂಡಾಶಯದ ಗಂಟು, ಗರ್ಭಕೋಶ ಮತ್ತು ನಾಳಗಳ ಸೋಂಕು ಇರಬಹುದಾ ಅಂತ ನೋಡ್ತಾರೆ.

ಇನ್ನೊಂದು ಮುಖ್ಯ ಕಾರಣ ಇದೆ: ಕಿಬ್ಬೊಟ್ಟೆಯ ತಳದ ಸ್ನಾಯುಗಳು. ಕಣ್ಣಿನ ಹತ್ತಿರ ಕೈ ತಂದರೆ ರೆಪ್ಪೆ ತಾನಾಗೇ ಮುಚ್ಚಿಕೊಳ್ಳುತ್ತಲ್ಲ, ಹಾಗೆ ನೋವಿನ ಭಯಕ್ಕೆ ಈ ಸ್ನಾಯುಗಳು ಬಿಗಿಯಾಗುತ್ತವೆ. ಬಿಗಿಯಾದಷ್ಟೂ ನೋವು, ನೋವಾದಷ್ಟೂ ಬಿಗಿತ. ಬೇಕಂತ ಮಾಡೋದಲ್ಲ, ‘ರಿಲ್ಯಾಕ್ಸ್ ಆಗು’ ಅಂದ್ರೆ ಹೋಗೋದೂ ಅಲ್ಲ. ಮಾನಸಿಕ ಕಾಯಿಲೆಗಳ ವರ್ಗೀಕರಣದ ಅಮೆರಿಕದ ಕೈಪಿಡಿ 2013ರಲ್ಲಿ ಈ ನೋವು ಮತ್ತು ಬಿಗಿತ ಎರಡನ್ನೂ ಒಂದೇ ಹೆಸರಿನಡಿ ತಂದಿತು, ಯಾಕಂದ್ರೆ ಬೇರೆ ಮಾಡೋದು ಕಷ್ಟ. ಇದಕ್ಕೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಸಹಾಯ, ಹಂತ ಹಂತವಾಗಿ ಬಳಸೋ ಡೈಲೇಟರ್, ಆಪ್ತ ಸಮಾಲೋಚನೆ, ಇವುಗಳಿಂದ ತುಂಬಾ ಜನರಿಗೆ ಗುಣ ಕಾಣುತ್ತೆ. ಹಳೆಯವರು ‘ಸಣ್ಣ ಬಾಗಿಲು’ ಅಂದದ್ದರಲ್ಲಿ ಎಷ್ಟೋ ಸಲ ಬಾಗಿಲು ಸಣ್ಣದಿರಲಿಲ್ಲ, ಭಯಕ್ಕೆ ಒಳಗಿಂದ ಚಿಲಕ ಬಿದ್ದಿತ್ತು, ಅಷ್ಟೇ.

ಕೆಲಸ ಮಾಡುತ್ತಾ?

ಔಷಧ ಹಳೆಯದು ಅನ್ನೋ ಕಾರಣಕ್ಕೆ ಸುಳ್ಳಾಗಲ್ಲ, ನಿಜವೂ ಆಗಲ್ಲ. ಪರೀಕ್ಷೆ ಮಾಡಿ ನೋಡಬೇಕು. ಥು ಯುಯು ಅವರು ನಾಲ್ಕನೇ ಶತಮಾನದ ಚೀನೀ ಗ್ರಂಥದ ಸುಳಿವು ಹಿಡಿದು ಮಲೇರಿಯಾಗೆ ಆರ್ಟೆಮಿಸಿನಿನ್ ಕಂಡುಹಿಡಿದರು, 2015ರಲ್ಲಿ ನೊಬೆಲ್ ಬಂತು. ಆದರೆ ನೊಬೆಲ್ ಬಂದದ್ದು ಛಿ ಸಿದ್ಧಾಂತಕ್ಕಲ್ಲ. ಗಿಡದಿಂದ ಒಂದು ರಾಸಾಯನಿಕ ಬೇರ್ಪಡಿಸಿ, ಪ್ರಯೋಗದಲ್ಲಿ ಗೆದ್ದು ತೋರಿಸಿದ್ದಕ್ಕೆ.

ನಮ್ಮ ವಿಷಯದಲ್ಲಿ ಅಂಥ ಗಟ್ಟಿ ಸಾಕ್ಷ್ಯ ಕಡಿಮೆ. ಎಂಡೊಮೆಟ್ರಿಯೋಸಿಸ್ ನೋವಿಗೆ ಅಕ್ಯುಪಂಕ್ಚರ್ ಹೇಗೆ ಅಂತ 2011ರಲ್ಲಿ ಕೊಕ್ರೇನ್ ಸಂಸ್ಥೆಯ ವಿಮರ್ಶೆ ನಡೆದಾಗ, ಮಾನದಂಡಕ್ಕೆ ಹೊಂದಿದ್ದು ಒಂದೇ ಒಂದು ಪ್ರಯೋಗ. ಅದರಲ್ಲಿ ಇದ್ದದ್ದು 67 ಮಹಿಳೆಯರು. ಆಮೇಲೆ ಬಂದ ಪ್ರಯೋಗಗಳಲ್ಲಿ ಮುಟ್ಟಿನ ನೋವು ಸ್ವಲ್ಪ ಇಳಿದದ್ದು ಕಂಡಿದೆ. ಆದರೆ ಮುಟ್ಟಿನ ನೋವು ಬೇರೆ, ಮಿಲನದ ನೋವು ಬೇರೆ.

ಹಾಗಂತ ಆ ಪದ್ಧತಿಯಿಂದ ಕಲಿಯೋದು ಏನೂ ಇಲ್ಲ ಅಂತಲ್ಲ. ನೋವಿನ ಜೊತೆ ನಿದ್ದೆ, ಮುಟ್ಟು, ಮನಸ್ಸು ಎಲ್ಲವನ್ನೂ ಕೇಳ್ತಾರೆ. ಇಬ್ಬರಿಗೂ ನೋವಿದ್ದರೂ ಕಾರಣ ಬೇರೆ ಇರಬಹುದು ಅಂತ ನೋಡ್ತಾರೆ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸೋ ಕಡೆ ಇದು ಸಿಗಲ್ಲ. ಆ ಪ್ರಶ್ನೆಗಳ ಪಟ್ಟಿಯನ್ನೇ ನೀವು ಡಾಕ್ಟರ್ ಹತ್ತಿರ ಹೋಗೋ ಮುಂಚೆ ಬರೆದುಕೊಂಡು ಹೋದರೆ ಅವರಿಗೂ ಕೆಲಸ ಸುಲಭ.

ಅಪಾಯ ಎಲ್ಲಿದೆ?

ಮೊದಲನೆಯದು, ತಡವಾಗೋದು. ‘ತೇವ-ಉಷ್ಣ’ ಅಂತ ಕಷಾಯ ಕುಡೀತಾ ಕೂತಾಗ ಅದು ನಿಜಕ್ಕೂ ಸೋಂಕಾಗಿದ್ದರೆ, ಗರ್ಭನಾಳಕ್ಕೆ ಹರಡಿ ಮುಂದೆ ಮಕ್ಕಳಾಗೋದಕ್ಕೇ ತೊಂದರೆ ಆಗಬಹುದು. ‘ರಕ್ತ ಹೆಪ್ಪು’ ಅಂದದ್ದು ಎಂಡೊಮೆಟ್ರಿಯೋಸಿಸ್ ಆಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಸಂತಾನ ವಯಸ್ಸಿನ ಸುಮಾರು ಶೇ. 10ರಷ್ಟು ಮಹಿಳೆಯರಿಗೆ ಇದು ಇದೆ. ಮೊದಲೇ ಪತ್ತೆಗೆ ವರ್ಷಗಳು ಹಿಡಿಯೋ ಕಾಯಿಲೆ ಇದು, ನಾವೂ ಸೇರಿ ಇನ್ನಷ್ಟು ತಡ ಮಾಡೋದು ಬೇಡ.

ಎರಡನೆಯದು, ಔಷಧದೊಳಗೆ ಏನಿದೆ ಅನ್ನೋದು. ‘ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ’ ಅನ್ನೋ ಮಾತು ಕೇಳಿರ್ತೀರಿ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸೋ ಗುಳಿಗೆಯಲ್ಲಿ ಒಂದು ಚೀನೀ ಬೇರಿನ ಬದಲು ಇನ್ನೊಂದು ಸೇರಿಕೊಂಡು, ನೂರಕ್ಕೂ ಹೆಚ್ಚು ಮಹಿಳೆಯರ ಕಿಡ್ನಿ ಹಾಳಾಯಿತು. ಕಾರಣ ಅರಿಸ್ಟೊಲೊಕಿಕ್ ಆಮ್ಲ. ಇದು ಕ್ಯಾನ್ಸರ್ ಕೂಡ ತರುತ್ತೆ. ಆಗಲೇ ನೆನಪಿಡಿ ಅಂದೆನಲ್ಲ, ‘ಲೋಂಗ್ ದಾನ್ ಶಿಯೆ ಗಾನ್’? ಅದರ ಗುಳಿಗೆಗಳಲ್ಲೂ ಈ ಆಮ್ಲ ಇರೋ ‘ಗುವಾನ್ ಮು ಥೋಂಗ್’ ಅನ್ನೋ ಬಳ್ಳಿ ಬಳಕೆಯಾಗ್ತಿತ್ತು. ಚೀನಾ ಸರ್ಕಾರವೇ 2003ರಲ್ಲಿ ಆ ಬಳ್ಳಿಯನ್ನು ನಿಷೇಧಿಸಿತು. ಅಂದ್ರೆ ಮಿಲನದ ನೋವು, ಉರಿ ಅಂತ ಹೋದ ಹೆಣ್ಣುಮಕ್ಕಳು ಕಿಡ್ನಿ ಪಣಕ್ಕಿಟ್ಟು ಬಂದಿರಬಹುದು. ಆನ್‌ಲೈನ್‌ನಲ್ಲಿ, ಅರ್ಥವಾಗದ ಭಾಷೆಯ ಲೇಬಲ್ ಇರೋ ಡಬ್ಬಿ ತರಿಸೋ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಚೀನೀ ಔಷಧಗಳಲ್ಲಿ ತುಂಬಾ ಬಳಕೆಯಾಗೋ ‘ದಾಂಗ್ ಗುಯ್’ ಬೇರು, ರಕ್ತ ತೆಳುವಾಗಿಸೋ ವಾರ್ಫರಿನ್ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ. ಜ್ಯೇಷ್ಠಮಧು ಅತಿಯಾದರೆ ಬಿಪಿ ಏರುತ್ತೆ. ಗರ್ಭಿಣಿಯರಂತೂ ಡಾಕ್ಟರನ್ನು ಕೇಳದೆ ಯಾವುದನ್ನೂ ಮುಟ್ಟಬೇಡಿ.

ಅಕ್ಯುಪಂಕ್ಚರ್ ವಿಷಯಕ್ಕೆ ಬಂದ್ರೆ, ಭಾರತ ಸರ್ಕಾರ ಅದನ್ನು ಚಿಕಿತ್ಸಾ ವಿಧಾನ ಅಂತ 2003ರಲ್ಲೇ ಗುರುತಿಸಿದೆ. ಹೋಗಲೇಬೇಕು ಅಂದ್ರೆ, ಮೊದಲು ಸ್ತ್ರೀರೋಗ ತಜ್ಞರಿಂದ ಕಾರಣ ತಿಳ್ಕೊಂಡು ಹೋಗಿ. ತರಬೇತಿ ಏನು ಅಂತ ಕೇಳಿ. ಸೂಜಿಯ ಪ್ಯಾಕೆಟ್ ನಿಮ್ಮೆದುರಿಗೇ ಒಡೀಬೇಕು, ಒಮ್ಮೆ ಬಳಸಿ ಎಸೆಯೋದೇ ಆಗಿರಬೇಕು. ಚಿಕಿತ್ಸೆ ನೆಪದಲ್ಲಿ ಯಾರಾದ್ರೂ ಗುಪ್ತಾಂಗ ಮುಟ್ಟೋಕೆ ಬಂದ್ರೆ ಎದ್ದು ಬನ್ನಿ. ಈ ಚಿಕಿತ್ಸೆಗೆ ಸಾಮಾನ್ಯವಾಗಿ ಬಳಸೋ ಬಿಂದುಗಳು ಪಾದ, ಕಾಲು, ಕೈ, ಹೊಟ್ಟೆಯಲ್ಲಿವೆ.

ಕೊನೆಗೆ, ಕೈಯಲ್ಲಿ ಹಿಡ್ಕೊಂಡು ಹೋಗೋದು ಏನು?

ಮಿಲನದ ನಂತರ ರಕ್ತ ಬಂದರೆ, ಜ್ವರ ಇದ್ದರೆ, ಸ್ರಾವ ವಾಸನೆ ಬರ್ತಿದ್ದರೆ, ಕಿಬ್ಬೊಟ್ಟೆ ನೋವು ಜೋರಿದ್ದರೆ, ಮೊದಲು ಚೆನ್ನಾಗಿದ್ದು ಈಗ ಹೊಸದಾಗಿ ನೋವು ಶುರುವಾಗಿದ್ದರೆ, ಕಷಾಯಕ್ಕಿಂತ ಮೊದಲು ಆಸ್ಪತ್ರೆ. ಮಹಿಳಾ ಡಾಕ್ಟರೇ ಬೇಕು ಅಂತ ಕೇಳೋದಕ್ಕೆ ಹಿಂಜರೀಬೇಡಿ. ಪರೀಕ್ಷೆ ಮಾಡುವಾಗ ನೋವಾದರೆ ‘ನಿಲ್ಲಿಸಿ’ ಅನ್ನಬಹುದು.

ಒಣಗುವುದೇ ತೊಂದರೆ ಆಗಿದ್ದರೆ ನೀರು ಆಧಾರಿತ ಲ್ಯೂಬ್ರಿಕೆಂಟ್ ಮೆಡಿಕಲ್ ಸ್ಟೋರ್‌ನಲ್ಲೇ ಸಿಗುತ್ತೆ. ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಕಾಂಡೋಮ್ ಹರಿಯುತ್ತೆ.

ಇದನ್ನು ಕೇಳ್ತಾ ಇರೋ ಹುಡುಗರಿಗೂ ಒಂದು ಮಾತು. ಅವಳು ‘ನೋವಾಗ್ತಿದೆ’ ಅಂದ್ರೆ ಅದು ನೆಪ ಅಲ್ಲ, ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲೂ ಅಲ್ಲ. ಅಲ್ಲಿಗೇ ನಿಲ್ಲಿಸಿ. ಸಹಿಸಿಕೊಂಡು ಮುಂದುವರಿದರೆ ನೋವು ಅಭ್ಯಾಸ ಆಗಿ ಹೋಗಲ್ಲ. ಮುಂದಿನ ಸಲಕ್ಕೆ ಭಯ ಕೂಡುತ್ತೆ, ಸ್ನಾಯು ಇನ್ನಷ್ಟು ಬಿಗಿಯುತ್ತೆ. ಡಾಕ್ಟರ್ ಹತ್ತಿರ ಹೋಗುವಾಗ ಜೊತೆಗೆ ಹೋಗಿ, ಹೊರಗೆ ಕೂತು ಕಾದರೂ ಸಾಕು.

ಈ ಸಂಚಿಕೆ ಯಾರಿಗಾದ್ರೂ ಉಪಯೋಗ ಆಗುತ್ತೆ ಅನ್ನಿಸಿದರೆ ಲಿಂಕ್ ಕಳಿಸಿ. ‘ನಿನಗೆ ನೋವಿದೆಯಾ’ ಅಂತ ಕೇಳೋಕೆ ಮುಜುಗರ ಆದರೆ, ಏನೂ ಬರೀದೆ ಬರೀ ಲಿಂಕ್ ಕಳಿಸಿದರೂ ನಡೆಯುತ್ತೆ.